ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಮಾಡುವ ಮರದ ಸ್ಪಿಯರ್‌ಗನ್

ಹವಳದ ದಿಬ್ಬಗಳ ಸುತ್ತ ಉಸಿರು ಬಿಗಿಹಿಡಿದು ಮುಳುಗಿ, ಒಂದೊಂದೇ ಮೀನನ್ನು ಆರಿಸಿ ಈಟಿಯಿಂದ ಹೊಡೆಯುವ ಬೇಟೆಯ ಬಗ್ಗೆ ಈ ಹಿಂದೆ ಬರೆದಾಗ, ಅದಕ್ಕೆ ಬೇಕಾದ, ಎಳೆದು ಬಿಗಿದ ರಬ್ಬರಿನ ಬಲದಿಂದ ಈಟಿಯನ್ನು ಚಿಮ್ಮಿಸುವ ಸ್ಪಿಯರ್‌ಗನ್ನನ್ನು ಮರದಿಂದ ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಹಲವು ಓದುಗರು ಕೇಳಿದ್ದರು. ಮಾಡಿಕೊಳ್ಳಬಹುದು. ಬಡಗಿ ಕೆಲಸದಲ್ಲಿ ಕೈ ಪಳಗಿದವರಿಗೆ ಅದು ಅಸಾಧ್ಯದ ಕೆಲಸವೇನಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಗನ್ನಿನ ಬಲವನ್ನು ಹೇಗೆ ಹೆಚ್ಚಿಸಬೇಕು ಎಂಬುದರ ಸುತ್ತಲೇ ಇವೆ. ಆದರೆ ರಬ್ಬರನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು, ಸೊಟ್ಟಗಾದ ಮರವನ್ನು ನೇರ ಮಾಡಲಾಗುವುದಿಲ್ಲ. ಆದ್ದರಿಂದ ಮರದ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನೆರಳಿನಲ್ಲಿಟ್ಟು ಚೆನ್ನಾಗಿ ಒಣಗಿಸಿದ ತೇಗದ ದಪ್ಪ ಹಲಗೆಯೊಂದು ನನ್ನ ಬಳಿ ಇದೆ. ಅದರಿಂದ ಗನ್ನಿನ ಮೈಯಾಗುವ ಒಂದೇ ತುಂಡಿನ ದಂಡವನ್ನು ಕತ್ತರಿಸಿಕೊಂಡರೆ ಸಾಲದೇ? ಹಲಗೆಯನ್ನು ಪಟ್ಟಿಗಳಾಗಿ ಸೀಳಿ ಮತ್ತೆ ಅಂಟಿಸಬೇಕೆಂದು ಬಲ್ಲವರು ಹೇಳುವುದೇಕೆ?

ಉತ್ತರ: ತೇಗದ ಆಯ್ಕೆಯಲ್ಲಿ ತಪ್ಪಿಲ್ಲ. ಅದರೊಳಗೆ ಸಹಜವಾಗಿಯೇ ಎಣ್ಣೆಯ ಅಂಶ ಇರುವುದರಿಂದ ನೀರು ಬೇಗ ಒಳಗಿಳಿಯುವುದಿಲ್ಲ, ಮತ್ತು ಒದ್ದೆಯಾಗಿ ಒಣಗುವಾಗ ಹಿಗ್ಗಿ ಕುಗ್ಗುವ ಪ್ರಮಾಣವೂ ಇತರ ಹಲವು ಮರಗಳಿಗಿಂತ ಕಡಿಮೆ. ಹಡಗು ಕಟ್ಟುವವರು ಅದನ್ನು ಮೆಚ್ಚಿಕೊಂಡದ್ದು ಇದೇ ಕಾರಣಕ್ಕೆ. ಮಹಾಗನಿಯೂ ಆಗಬಹುದು. ಆದರೆ ಯಾವ ಮರವಾದರೂ ನೀರು ಹೀರಿದಾಗ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಅತ್ಯಲ್ಪ. ಒಂದೇ ತುಂಡಿನಲ್ಲಿ ಎಳೆಗಳು ಸ್ವಲ್ಪ ಓರೆಯಾಗಿ ಓಡಿದ್ದರೂ ಒಂದು ಮಗ್ಗುಲು ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗಿ, ದಂಡ ಬಾಗುತ್ತದೆ ಅಥವಾ ತಿರುಚಿಕೊಳ್ಳುತ್ತದೆ. ಒಂದು ಮೀಟರಿಗೆ 3 ಮಿ.ಮೀ. ಓರೆಯಾದರೆ, ನಾಲ್ಕು ಮೀಟರು ದೂರದಲ್ಲಿ ಈಟಿ 12 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಅದು ಯಾವಾಗಲೂ ಅಷ್ಟೇ ಇದ್ದರೆ ಕೈ ಅದಕ್ಕೆ ಒಗ್ಗಿಕೊಳ್ಳಬಹುದು. ದಂಡ ಬೆಳಗ್ಗೆ ಒಂದು ಬಗೆಯಾಗಿ, ಎರಡು ಗಂಟೆ ನೀರಿನಲ್ಲಿದ್ದ ಮೇಲೆ ಇನ್ನೊಂದು ಬಗೆಯಾಗಿ ಬಾಗಿದರೆ ಮಾತ್ರ ಯಾವ ಅಭ್ಯಾಸವೂ ನೆರವಿಗೆ ಬಾರದು.

ಪಟ್ಟಿಗಳಾಗಿ ಸೀಳಿ ಅಂಟಿಸುವುದು ಇದಕ್ಕಾಗಿಯೇ. ಗಂಟುಗಳಿಲ್ಲದ, ಎಳೆ ನೇರವಾಗಿ ಓಡಿರುವ ಭಾಗವನ್ನು ಆರಿಸಿ, ಸುಮಾರು 10 ಮಿ.ಮೀ. ದಪ್ಪದ ನಾಲ್ಕು ಪಟ್ಟಿಗಳನ್ನು ಸೀಳಿಕೊಳ್ಳಿ. ಸೀಳಿದ ಕೂಡಲೇ ಅಂಟಿಸಲು ಹೋಗದೆ, ಒಳಗಿನ ಬಿಗಿತ ಸಡಿಲಲು ಅವುಗಳಿಗೆ ಕೆಲವು ದಿನ ಬಿಡುವು ಕೊಡಿ. ಈ ಅವಧಿಯಲ್ಲಿ ತಾನಾಗಿಯೇ ಬಿಲ್ಲಿನಂತೆ ಬಾಗಿದ ಪಟ್ಟಿಯನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಹೊರಗಿಡಬೇಕು. ಉಳಿದವನ್ನು ಜೋಡಿಸುವಾಗ ಒಂದು ಬಿಟ್ಟು ಒಂದು ಪಟ್ಟಿಯನ್ನು ತಲೆಕೆಳಗು ಮಾಡಿ ಇಟ್ಟರೆ, ಒಂದು ಪಟ್ಟಿ ಬಾಗಲು ನೋಡುವ ದಿಕ್ಕಿಗೆ ಪಕ್ಕದ ಪಟ್ಟಿ ಎದುರಾಗಿ ನಿಲ್ಲುತ್ತದೆ. ಅಂಟಿನ ಗೆರೆಗಳು ದಂಡದ ಮೇಲ್ಮೈಗೆ ಲಂಬವಾಗಿ ನಿಲ್ಲಬೇಕು, ಅಂದರೆ ಮೇಲಿನಿಂದ ನೋಡಿದಾಗ ಉದ್ದಕ್ಕೂ ಗೆರೆಗಳಾಗಿ ಕಾಣಬೇಕು.

ಅಂಟಿಗೆ, ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿಯೇ ಸರಿ. ತೇಗದ ಗುಣವಾದ ಎಣ್ಣೆ ಇಲ್ಲಿ ಮಾತ್ರ ಅಡ್ಡಿಯಾಗುತ್ತದೆ, ಏಕೆಂದರೆ ಎಣ್ಣೆಯ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಅಂಟಿಸುವ ಮುಖಗಳನ್ನು ಮರಳುಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಕಂದುಬಣ್ಣ ಹತ್ತುವುದು ಕಡಿಮೆಯಾಗುವವರೆಗೂ ಬಟ್ಟೆ ಬದಲಿಸುತ್ತಾ ಒರೆಸಬೇಕು. ಅಸಿಟೋನ್ ಆರಿದೊಡನೆ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮುನ್ನವೇ ಅಂಟು ಸವರಬೇಕು. ಅಸಿಟೋನ್ ಬೇಗ ಬೆಂಕಿ ಹತ್ತುವ ವಸ್ತುವಾದ್ದರಿಂದ ಗಾಳಿಯಾಡುವ ಜಾಗದಲ್ಲಿ, ಕಿಡಿ ಬೆಂಕಿಗಳಿಂದ ದೂರದಲ್ಲಿ ಈ ಕೆಲಸ ನಡೆಯಲಿ. ಕ್ಲ್ಯಾಂಪುಗಳನ್ನು ಬಡಗಿಗಳ ಅಭ್ಯಾಸದಂತೆ ಮೈಯೆಲ್ಲ ಬಲ ಹಾಕಿ ಬಿಗಿದರೆ ಎಪಾಕ್ಸಿಯೆಲ್ಲ ಹೊರಗೆ ಒಸರಿ, ಬೆಸುಗೆಯಲ್ಲಿ ಅಂಟೇ ಉಳಿಯುವುದಿಲ್ಲ. ಉದ್ದಕ್ಕೂ ಸಣ್ಣ ಸಣ್ಣ ಮಣಿಗಳಂತೆ ಅಂಟು ಹೊರಗೆ ಇಣುಕಿದರೆ ಸಾಕು. ದಂಡವನ್ನು ಖಚಿತವಾಗಿ ಸಮತಟ್ಟಾದ ಮೇಜಿನ ಮೇಲೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಗಿಯಿರಿ. ಮೇಜೇ ಬಾಗಿದ್ದರೆ ದಂಡವೂ ಆ ಬಾಗನ್ನೇ ಶಾಶ್ವತವಾಗಿ ಪಡೆದುಕೊಳ್ಳುತ್ತದೆ.

ಪ್ರಶ್ನೆ: ಹವಳದ ದಿಬ್ಬದ ಬೇಟೆಗೆ ಎಷ್ಟು ಉದ್ದದ ಗನ್ ಬೇಕು? ಉದ್ದವಾದಷ್ಟೂ ಒಳ್ಳೆಯದು ಎಂಬ ಮಾತು ನಿಜವೇ?

ಉತ್ತರ: ನಿಜವಲ್ಲ. ಉದ್ದದ ಗನ್ ದೂರಕ್ಕೆ ಹೊಡೆಯುತ್ತದೆ, ಆದರೆ ನೀರಿನಲ್ಲಿ ಪಕ್ಕಕ್ಕೆ ತಿರುಗಿಸುವಾಗ ಅಷ್ಟೇ ಹೆಚ್ಚು ತಡೆ ಒಡ್ಡುತ್ತದೆ. ಬಂಡೆಯ ಸಂದಿನಲ್ಲಿ, ಹವಳದ ಚಾಚುಗಳ ಅಡಿಯಲ್ಲಿ ಅದನ್ನು ಹೊರಳಿಸಲು ಜಾಗವೇ ಸಿಗುವುದಿಲ್ಲ. ನೀರು ಮಬ್ಬಾಗಿದ್ದು ಸಂದುಗಳಲ್ಲೇ ಹೆಚ್ಚು ಬೇಟೆಯಾಡುವವರಿಗೆ 75 ಸೆಂ.ಮೀ. ಸಾಕು. ತಿಳಿನೀರಿನ ದಿಬ್ಬಗಳಿಗೆ 90ರಿಂದ 100 ಸೆಂ.ಮೀ. ಹೊಂದುತ್ತದೆ. 120ಕ್ಕೂ ಮೀರಿದವು ತೆರೆದ ಕಡಲಿನ ದೊಡ್ಡ ಮೀನುಗಳಿಗಾಗಿ ಇರುವಂಥವು. ಈ ಅಳತೆಯನ್ನು ಕೆಲವರು ಮೂತಿಯಿಂದ ಹಿಡಿಯವರೆಗೆ, ಮತ್ತೆ ಕೆಲವರು ತುದಿಯಿಂದ ತುದಿಗೆ ಹೇಳುವುದರಿಂದ, ಬೇರೆಯವರ ನಕ್ಷೆ ನೋಡಿ ಮಾಡುವವರು ಯಾವ ಲೆಕ್ಕದ ಅಳತೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಮುಂದೆ ಕೊಡುವ ಲೆಕ್ಕಗಳೆಲ್ಲ ಒಟ್ಟು 110 ಸೆಂ.ಮೀ. ಉದ್ದದ ದಂಡ, ಅದರಲ್ಲಿ ಮೂತಿಯಿಂದ ಟ್ರಿಗರಿನ ಕೊಕ್ಕೆಯವರೆಗೆ 90 ಸೆಂ.ಮೀ., ಮತ್ತು 7 ಮಿ.ಮೀ. ದಪ್ಪ, 130 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲಿನ ಈಟಿ ಎಂದು ಭಾವಿಸಿ ಕೊಟ್ಟವು.

ಪ್ರಶ್ನೆ: ಟ್ರಿಗರನ್ನೂ ಉಕ್ಕಿನ ತಗಡಿನಿಂದ ನಾನೇ ಕತ್ತರಿಸಿಕೊಳ್ಳಬೇಕೆಂದಿದ್ದೇನೆ. ಇಲ್ಲದಿದ್ದರೆ ಅದನ್ನು ಪೂರ್ತಿ ಮನೆಯಲ್ಲೇ ಮಾಡಿದ್ದು ಎಂದು ಹೇಗೆ ಹೇಳುವುದು?

ಉತ್ತರ: ಆ ಹೆಮ್ಮೆಯನ್ನು ಈ ಒಂದು ಭಾಗದ ಮಟ್ಟಿಗೆ ಬದಿಗಿಡುವಂತೆ ಕೇಳಿಕೊಳ್ಳುತ್ತೇವೆ. ಹೊರಗಿನಿಂದ ನೋಡಿದರೆ ಅದರಲ್ಲಿರುವುದು ಎರಡೇ ತುಂಡು: ಈಟಿಯ ಹಿಂಭಾಗದ ಕಚ್ಚನ್ನು ಹಿಡಿದುಕೊಳ್ಳುವ ಕೊಕ್ಕೆ, ಮತ್ತು ಆ ಕೊಕ್ಕೆಯ ಬಾಲವನ್ನು ತಡೆದು ನಿಲ್ಲಿಸುವ ಟ್ರಿಗರ್. ರಬ್ಬರುಗಳು ಎಳೆಯುವ ಹತ್ತಾರು ಕಿಲೋ ಭಾರವೆಲ್ಲ ಈ ಎರಡು ತುಂಡುಗಳು ಒಂದನ್ನೊಂದು ಮುಟ್ಟುವ ಕಿರಿದಾದ ಅಂಚಿನ ಮೇಲೆ ಬಂದು ಕೂರುತ್ತದೆ. ಮೆದು ಉಕ್ಕಿನಲ್ಲಿ ಅರದಿಂದ ರೂಪಿಸಿದ ಅಂಚು ಮೊದಲ ಕೆಲವು ಹೊಡೆತಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದು ಸವೆದು ದುಂಡಗಾದ ದಿನ ಯಾರೂ ಮುಟ್ಟದಿದ್ದರೂ, ದಂಡದ ಹಿಂಭಾಗ ಬಂಡೆಗೆ ತಗುಲಿದ ಮಾತ್ರಕ್ಕೆ ಈಟಿ ಹೊರಟುಬಿಡಬಹುದು. ಸಿದ್ಧವಾಗಿ ಸಿಗುವ, ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನ ಟ್ರಿಗರ್ ಸಾಧನವನ್ನು ಕೊಂಡು ಮರದೊಳಗೆ ಕೂರಿಸುವುದರಲ್ಲೇ ಬೇಕಾದಷ್ಟು ಕೈಚಳಕಕ್ಕೆ ಅವಕಾಶವಿದೆ.

ಕೂರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದು ಕೂರುವ ಗುಳಿಯನ್ನು ಮೇಲಿನಿಂದ ಕೊರೆಯುವುದೋ ಕೆಳಗಿನಿಂದಲೋ ಎಂಬುದು ನೀವು ಕೊಂಡ ಸಾಧನದ ವಿನ್ಯಾಸಕ್ಕೆ ಬಿಟ್ಟದ್ದು. ಎರಡೂ ಬದಿಯಲ್ಲಿ ಕನಿಷ್ಠ 10 ಮಿ.ಮೀ. ದಪ್ಪದ ಮರ ಉಳಿಯಬೇಕು. ಗುಳಿಯನ್ನು ಅಳತೆಗಿಂತ ಸ್ವಲ್ಪ ಬಿಗಿಯಾಗಿಯೇ ಕೊರೆದು, ಸಾಧನದ ಮೈಗೆ ಪೆನ್ಸಿಲಿನ ಸೀಸದ ಪುಡಿಯನ್ನು ಸವರಿ ಒಳಗಿಳಿಸಿ ಹೊರತೆಗೆದರೆ, ಮರದಲ್ಲಿ ಎಲ್ಲೆಲ್ಲಿ ಕಪ್ಪು ಹತ್ತಿದೆಯೋ ಅಲ್ಲಲ್ಲಿ ಅದು ಉಜ್ಜುತ್ತಿದೆ ಎಂದರ್ಥ. ಆ ಗುರುತುಗಳನ್ನಷ್ಟೇ ಚೂಪಾದ ಉಳಿಯಿಂದ ಕಾಗದದಷ್ಟು ತೆಳುವಾಗಿ ಕೆತ್ತಿ, ಮತ್ತೆ ಇಳಿಸಿ ನೋಡುತ್ತಾ ಹೋಗಬೇಕು. ಅವಸರಪಟ್ಟು ಒಮ್ಮೆಗೇ ಕೆತ್ತಿದರೆ ಗುಳಿ ಸಡಿಲವಾಗಿ, ಪ್ರತಿ ಹೊಡೆತಕ್ಕೂ ಸಾಧನ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ, ಗುರಿಯೂ ಅದರ ಜೊತೆಗೇ ಸರಿಯುತ್ತದೆ. ಬಲವೆಲ್ಲ ಅಡ್ಡಪಿನ್ನುಗಳ ಮೂಲಕವೇ ಮರಕ್ಕೆ ದಾಟುವುದರಿಂದ, ಪಿನ್ನಿನ ರಂಧ್ರಗಳನ್ನು ಕೈಯಲ್ಲಿ ಹಿಡಿದ ಡ್ರಿಲ್ಲಿನ ಬದಲು ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ಲಿನಿಂದ ನೆಟ್ಟಗೆ ಕೊರೆಯಬೇಕು, ಕೊರೆದ ರಂಧ್ರದ ಒಳಗೋಡೆಗೆ ಎಪಾಕ್ಸಿ ಕುಡಿಸಬೇಕು. ಗುಳಿಯೊಳಗೆ ಮರಳು ಸೇರುವುದು ತಪ್ಪದ ಕಾರಣ, ಪಿನ್ ಕಳಚಿ ತೊಳೆಯಲು ಬರುವಂತೆಯೂ ಇರಬೇಕು.

ಪ್ರಶ್ನೆ: ಈಟಿ ಕೂರುವ ತೋಡನ್ನು ಎಷ್ಟು ಆಳಕ್ಕೆ ತೆಗೆಯಬೇಕು?

ಉತ್ತರ: ತೆರೆದ ತೋಡಾದರೆ ಈಟಿಯ ಅರ್ಧ ದಪ್ಪದಷ್ಟು ಸಾಕು. 7 ಮಿ.ಮೀ. ಈಟಿಗೆ ರೌಟರ್ ಎಂಬ ತೋಡು ಕೊರೆಯುವ ಯಂತ್ರಕ್ಕೆ ಹಾಕುವ 8 ಮಿ.ಮೀ.ನ ದುಂಡು ಮೂತಿಯ ಬಿಟ್ ಸರಿಹೊಂದುತ್ತದೆ. ಒಮ್ಮೆಗೇ ಪೂರ್ತಿ ಆಳಕ್ಕೆ ಇಳಿಸದೆ ಎರಡು ಮೂರು ಸುತ್ತಿನಲ್ಲಿ ತೆಗೆಯಿರಿ. ದಂಡವಿನ್ನೂ ಚೌಕಾಕಾರದಲ್ಲಿದ್ದು ರೌಟರಿಗೆ ಆನಿಸಲು ನೇರ ಅಂಚು ಇರುವಾಗಲೇ ಈ ಕೆಲಸ ಮುಗಿಯಬೇಕು. ಮೊದಲು ಅಂದವಾಗಿ ದುಂಡಗೆ ಮಾಡಿಕೊಂಡು ಆಮೇಲೆ ತೋಡು ತೆಗೆಯಲು ಕುಳಿತವರು ತಾವೇ ತೊಂದರೆ ತಂದುಕೊಳ್ಳುತ್ತಾರೆ. ತೋಡು ಮುಗಿದ ಮೇಲೆ ಈಟಿಯನ್ನು ಕೊಕ್ಕೆಗೆ ಸಿಕ್ಕಿಸಿ, ಉದ್ದಕ್ಕೂ ಕಣ್ಣು ಹಾಯಿಸಿ ನೋಡಿ. ಅದು ಎಲ್ಲಿಯೂ ಒತ್ತಿಕೊಂಡು ಬಾಗದೆ, ಎಲ್ಲಿಯೂ ಮೇಲೆದ್ದು ನಿಲ್ಲದೆ, ತನ್ನ ಪಾಡಿಗೆ ತಾನು ಒರಗಿರಬೇಕು.

ಪ್ರಶ್ನೆ: ಮರದ ಗನ್ ನೀರಿನಲ್ಲಿ ತೇಲಬೇಕೋ ಮುಳುಗಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸೀಸದ ತುಂಡು ಹಾಕುವುದು ಅಗತ್ಯವೇ?

ಉತ್ತರ: ಇಬ್ಬರ ಮಾತೂ ಸರಿಯೇ. ಈಟಿ ಏರಿಸಿದಾಗ ಗನ್ ನಿಧಾನವಾಗಿ ಮುಳುಗುವಂತಿರಬೇಕು, ಈಟಿ ಹೊರಟ ಮೇಲೆ ತೇಲಬೇಕು. ಮೀನನ್ನು ಹಿಡಿಯಲು ಎರಡೂ ಕೈ ಬೇಕಾದಾಗ ಗನ್ ಬಿಟ್ಟುಬಿಟ್ಟರೆ ಅದು ತಳಕ್ಕೆ ಹೋಗದೆ ಮೇಲ್ಮೈಯಲ್ಲಿ ಕಾಯುತ್ತಿರಬೇಕು. ಮರದ ಗನ್ನಿನ ನಿಜವಾದ ಲಾಭವೆಂದರೆ ಈ ತೂಕವನ್ನು ಮಾಡುವವರೇ ಲೆಕ್ಕ ಹಾಕಿ ಹೊಂದಿಸಿಕೊಳ್ಳಬಹುದು ಎಂಬುದು.

ಲೆಕ್ಕ ಹೀಗೆ. 110 ಸೆಂ.ಮೀ. ಉದ್ದ, 3.8 ಸೆಂ.ಮೀ. ಅಗಲ, 3.2 ಸೆಂ.ಮೀ. ಎತ್ತರದ ದಂಡದ ಗಾತ್ರ ಸುಮಾರು 1,340 ಘನ ಸೆಂ.ಮೀ. ಅಂಚುಗಳನ್ನು ದುಂಡಗೆ ಮಾಡಿ, ತೋಡು, ಗುಳಿಗಳನ್ನು ಕಳೆದರೆ ಸುಮಾರು 1,200 ಉಳಿಯುತ್ತದೆಂದು ಇಟ್ಟುಕೊಳ್ಳೋಣ. ತೇಗದ ಸಾಂದ್ರತೆ ಸುಮಾರು 0.65 ಆದ್ದರಿಂದ ಅದರ ತೂಕ 780 ಗ್ರಾಂ. ಅಷ್ಟೇ ಗಾತ್ರದ ಕಡಲ ನೀರಿನ ತೂಕ, ಸಾಂದ್ರತೆ 1.025ರಂತೆ, 1,230 ಗ್ರಾಂ. ಅಂದರೆ ಬರಿಯ ದಂಡ 450 ಗ್ರಾಂ ಬಲದಿಂದ ಮೇಲಕ್ಕೆ ತೇಲಲು ನೋಡುತ್ತದೆ. ಟ್ರಿಗರ್ ಮತ್ತು ಹಿಡಿಯ ಲೋಹದ ಭಾಗಗಳು ನೀರಿನೊಳಗೆ 150 ಗ್ರಾಂ ತೂಗಿದರೆ 300 ಗ್ರಾಂ ತೇಲುವ ಬಲ ಉಳಿಯಿತು. ಇನ್ನು ಈಟಿ: ಅದರ ಗಾತ್ರ 50 ಘನ ಸೆಂ.ಮೀ., ಗಾಳಿಯಲ್ಲಿ ತೂಕ 390 ಗ್ರಾಂ, ನೀರಿನಲ್ಲಿ ಸುಮಾರು 340 ಗ್ರಾಂ. ಆದ್ದರಿಂದ ಈಟಿ ಏರಿಸಿದಾಗ ಗನ್ 40 ಗ್ರಾಂ ಭಾರಕ್ಕೆ ಮೆಲ್ಲನೆ ಮುಳುಗುತ್ತದೆ, ಈಟಿ ಹೋದಾಗ 300 ಗ್ರಾಂ ಬಲದಿಂದ ತೇಲುತ್ತದೆ. ರಬ್ಬರಿನ ಸಾಂದ್ರತೆ ನೀರಿಗೆ ತೀರಾ ಹತ್ತಿರವಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ನಿಮ್ಮ ಮರ ಇದಕ್ಕಿಂತ ಹಗುರವಾಗಿದ್ದು, ಈಟಿ ಏರಿಸಿದಾಗಲೂ ಗನ್ ತೇಲಿದರೆ ಮಾತ್ರ ಸೀಸದ ಮಾತು. ಆಗಲೂ ಕೂಡಲೇ ರಂಧ್ರ ಕೊರೆಯದೆ, ಸೀಸದ ತುಂಡುಗಳನ್ನು ಟೇಪಿನಿಂದ ದಂಡದ ಅಡಿಗೆ ಸುತ್ತಿ, ಉಪ್ಪುನೀರಿನಲ್ಲಿ ಅವನ್ನು ಹಿಂದೆ ಮುಂದೆ ಸರಿಸುತ್ತಾ, ಗನ್ ಮಟ್ಟಸವಾಗಿ ನಿಲ್ಲುವ ಜಾಗವನ್ನು ಕಂಡುಕೊಳ್ಳಿ. ಮೂತಿ ಭಾರವಾದರೆ ಮಣಿಕಟ್ಟು ಬೇಗ ಸೋಲುತ್ತದೆ. ಜಾಗ ಖಚಿತವಾದ ಮೇಲೆ ಅಡಿಯಲ್ಲಿ ಕುಳಿ ಕೊರೆದು, ಸೀಸವಿಟ್ಟು, ಎಪಾಕ್ಸಿಯಿಂದ ಮುಚ್ಚಬಹುದು.

ಪ್ರಶ್ನೆ: ನನ್ನ ಗನ್ನಿಗೆ ಮೂರು ರಬ್ಬರ್ ಹಾಕಿದ್ದೇನೆ. ಬಲವೇನೋ ಬಂದಿದೆ, ಗುರಿ ಮಾತ್ರ ಮೇಲಕ್ಕೇ ಹೋಗುತ್ತದೆ. ನಾಲ್ಕನೆಯದನ್ನೂ ಸೇರಿಸಿದರೆ ಈಟಿ ನೇರವಾಗಿ ಹೋದೀತೇ?

ಉತ್ತರ: ಇನ್ನಷ್ಟು ಮೇಲಕ್ಕೆ ಹೋದೀತು. ಈಟಿ ಮುಂದಕ್ಕೆ ಚಿಮ್ಮುವಾಗ ಗನ್ ಅಷ್ಟೇ ಬಲದಿಂದ ಹಿಂದಕ್ಕೆ ಒದೆಯುತ್ತದೆ. ರಬ್ಬರು ಎಳೆಯುವ ರೇಖೆ ನಿಮ್ಮ ಮುಷ್ಟಿಗಿಂತ ಮೇಲಿರುವುದರಿಂದ ಆ ಒದೆತ ಗನ್ನನ್ನು ಬರಿದೆ ಹಿಂದಕ್ಕೆ ತಳ್ಳದೆ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ, ಮತ್ತು ಈಟಿ ತೋಡನ್ನು ಬಿಡುವ ಮೊದಲೇ ಇದು ಆರಂಭವಾಗುತ್ತದೆ. ತೆಳು ಈಟಿಯನ್ನು ಅತಿಯಾದ ಬಲದಿಂದ ಹಿಂದಿನಿಂದ ತಳ್ಳಿದರೆ ಅದು ದಾರಿಯುದ್ದಕ್ಕೂ ಬಳುಕುತ್ತಲೇ ಹೋಗುತ್ತದೆ. ಜೊತೆಗೆ, ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಮಡಿಯಾಗುವುದರಿಂದ, ಹೆಚ್ಚುವರಿ ರಬ್ಬರಿನ ಬಹುಪಾಲು ಶ್ರಮ ನೀರನ್ನು ಕಲಕುವುದರಲ್ಲೇ ಮುಗಿಯುತ್ತದೆ. ದಿಬ್ಬದ ಬೇಟೆಯಲ್ಲಿ ಮೂರು ನಾಲ್ಕು ಮೀಟರಿಗಿಂತ ದೂರಕ್ಕೆ ಹೊಡೆಯುವ ಸಂದರ್ಭ ಕಡಿಮೆ. ಈ ಅಳತೆಯ ಗನ್ನಿಗೆ 14 ಮಿ.ಮೀ.ನ ಎರಡು ಅಥವಾ 16 ಮಿ.ಮೀ.ನ ಒಂದೇ ರಬ್ಬರಿನಿಂದ ಆರಂಭಿಸುವುದು ವಿವೇಕ. ಇನ್ನೂ ಬೇಕೆನಿಸಿದರೆ ಮೊದಲು ದಂಡದ ತೂಕವನ್ನು ಹೆಚ್ಚಿಸಿ, ಹಿಡಿಯನ್ನು ತೋಡಿಗೆ ಆದಷ್ಟು ಹತ್ತಿರಕ್ಕೆ ತರಬೇಕು.

ರಬ್ಬರಿನ ಉದ್ದವನ್ನು ಊಹೆಯಿಂದ ಕತ್ತರಿಸಬಾರದು. ರಬ್ಬರು ಮೂತಿಯ ರಂಧ್ರದೊಳಗೆ ಹಾದು ದಂಡದ ಎರಡೂ ಬದಿಯಲ್ಲಿ ಹಿಂದಕ್ಕೆ ಬರುತ್ತದೆ, ಅದರ ತುದಿಗಳನ್ನು ಸೇರಿಸುವ ದಾರದ ಕುಣಿಕೆ ಈಟಿಯ ಮೇಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆ ರಂಧ್ರದಿಂದ ಹಲ್ಲಿನವರೆಗಿನ ದೂರ 79 ಸೆಂ.ಮೀ. ಇದ್ದು, ಕುಣಿಕೆ ಅದರಲ್ಲಿ 4 ಸೆಂ.ಮೀ. ತೆಗೆದುಕೊಂಡರೆ, ರಬ್ಬರು ಹಿಗ್ಗಬೇಕಾದ ದೂರ 75 ಸೆಂ.ಮೀ. ತನ್ನ ಉದ್ದದ ಮೂರು ಪಟ್ಟಿಗೆ ಹಿಗ್ಗಿಸುವುದಾದರೆ ಒಂದೊಂದು ಬದಿಗೆ 25, ಒಟ್ಟು 50 ಸೆಂ.ಮೀ., ಗಂಟಿಗೆ ಎರಡೂ ತುದಿಯಲ್ಲಿ ತಲಾ 2 ಸೆಂ.ಮೀ. ಸೇರಿಸಿದರೆ 54. ಮೂರೂವರೆ ಪಟ್ಟಿಗೂ ಹಿಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ರಬ್ಬರು ಬೇಗ ಸಾಯುತ್ತದೆ, ಎಳೆದು ಸಿಕ್ಕಿಸುವವರ ಎದೆ ಮತ್ತು ತೋಳೂ ದಣಿಯುತ್ತವೆ. ಕುಣಿಕೆಗೆ ತಂತಿಗಿಂತ ಡೈನೀಮಾ ಎಂಬ ಬಲವಾದ ಕೃತಕ ನೂಲಿನ ದಾರವೇ ಲೇಸು, ಕೈ ಜಾರಿದಾಗ ಬೆರಳಿಗೆ ಆಗುವ ಗಾಯ ಕಡಿಮೆ.

ಪ್ರಶ್ನೆ: ಎಣ್ಣೆ ಒರೆಸುವುದು ಒಳ್ಳೆಯದೋ, ಎಪಾಕ್ಸಿ ಲೇಪವೋ?

ಉತ್ತರ: ಎಪಾಕ್ಸಿ ನೀರನ್ನು ಚೆನ್ನಾಗಿ ತಡೆಯುತ್ತದೆ, ಬಿಸಿಲನ್ನು ತಡೆಯುವುದಿಲ್ಲ. ಹಳದಿಗಟ್ಟಿ ಬಿರುಕು ಬಿಡದಂತೆ ಅದರ ಮೇಲೆ ನೇರಳಾತೀತ ಕಿರಣಗಳನ್ನು ತಡೆಯುವ ವಾರ್ನಿಷ್ ಬೇಕು. ಟಂಗ್ ಎಣ್ಣೆಯಂಥ ಒಣಗುವ ಎಣ್ಣೆಗಳ ರಕ್ಷಣೆ ಅಷ್ಟು ಗಟ್ಟಿಯಲ್ಲ, ಆದರೆ ಬಂಡೆಗೆ ಉಜ್ಜಿ ಗೀರಾದಾಗ ಸ್ವಲ್ಪ ತಿಕ್ಕಿ ಮತ್ತೆ ಒರೆಸಿದರೆ ಮುಗಿಯಿತು. ತೇಗಕ್ಕೆ ನಾವು ಎಣ್ಣೆಯನ್ನೇ ಒಪ್ಪುತ್ತೇವೆ. ಎಣ್ಣೆ ಹೀರಿದ ಚಿಂದಿಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಬೇಕು. ರಬ್ಬರಿಗೆ ಮಾತ್ರ ಯಾವ ಪೆಟ್ರೋಲಿಯಂ ಎಣ್ಣೆಯೂ ತಾಗಬಾರದು. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿಟ್ಟು, ಮೇಲೆ ಸಣ್ಣ ಬಿರುಕು ಕಂಡ ದಿನವೇ ಬದಲಿಸಿ.

ಪ್ರಶ್ನೆ: ಕಡಲಿಗೆ ಒಯ್ಯುವ ಮೊದಲು ಅಂಗಳದಲ್ಲಿ ಹುಲ್ಲಿನ ಪಿಂಡಿಯೊಂದಕ್ಕೆ ಹೊಡೆದು ಪರೀಕ್ಷಿಸಬಹುದೇ?

ಉತ್ತರ: ಖಂಡಿತ ಕೂಡದು. ನೀರಿನಲ್ಲಿ ಕೆಲವೇ ಮೀಟರಿಗೆ ಸುಸ್ತಾಗುವ ಈಟಿಯನ್ನು ಗಾಳಿಯಲ್ಲಿ ತಡೆಯುವುದು ಏನೂ ಇರುವುದಿಲ್ಲ. ಅದು ತನ್ನನ್ನು ಗನ್ನಿಗೆ ಕಟ್ಟಿದ ದಾರವನ್ನು ಹರಿದುಕೊಂಡು ಹೋಗಬಹುದು, ಅಥವಾ ದಾರದ ಕೊನೆ ಮುಟ್ಟಿ ಹೊಡೆದವನತ್ತಲೇ ಮರಳಬಹುದು. ನೆಲದ ಮೇಲೆ ರಬ್ಬರು ಏರಿಸುವುದೇ ನಿಷಿದ್ಧ. ದೋಣಿಯಲ್ಲಿಯೂ ಹಾಗೆಯೇ: ನೀರಿಗಿಳಿದ ಮೇಲೆ ಏರಿಸಿ, ಹತ್ತುವ ಮುನ್ನ ಇಳಿಸಬೇಕು. ಟ್ರಿಗರಿನ ಸುರಕ್ಷಾ ಕೀಲಿ ಇದೆಯಲ್ಲ ಎಂದು ನಂಬಿ ಯಾರತ್ತಲೂ ಮೂತಿ ತಿರುಗಿಸಬಾರದು.

ಮೊದಲ ಪರೀಕ್ಷೆಯನ್ನು ಎದೆಮಟ್ಟದ ತಿಳಿನೀರಿನಲ್ಲಿ, ಮರಳಿನ ತಳವಿರುವ ಕಡೆ, ಎದುರಿಗೆ ಯಾರೂ ಇಲ್ಲದ ದಿಕ್ಕಿಗೆ, ಒಂದೇ ರಬ್ಬರಿನೊಂದಿಗೆ ಮಾಡಬೇಕು. ಟ್ರಿಗರ್ ಮುಟ್ಟದೆ ದಂಡದ ಹಿಂಭಾಗವನ್ನು ಅಂಗೈಯಿಂದ ಬಲವಾಗಿ ತಟ್ಟಿ, ಕೊಕ್ಕೆ ಬಿಡುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಗುರಿ ಹೊಡೆಯುವುದು. ಜೊತೆಗಾರರೊಬ್ಬರು ನಿಮ್ಮ ಹಿಂದೆ ಇರಬೇಕು. ಮುಂದೆ ಬೇಟೆಗಿಳಿದಾಗಲೂ ಒಬ್ಬರು ಮುಳುಗಿದ್ದರೆ ಇನ್ನೊಬ್ಬರು ಮೇಲಿದ್ದು ಕಣ್ಣಿಡಬೇಕು, ಏಕೆಂದರೆ ಉಸಿರು ಹಿಡಿದು ಮುಳುಗಿದವರಿಗೆ ಎಚ್ಚರ ತಪ್ಪುವುದು ಹೆಚ್ಚಾಗಿ ಮೇಲೇರುವ ಕೊನೆಯ ಕೆಲವು ಮೀಟರುಗಳಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ. ಮುಳುಗುವ ಮುನ್ನ ಬುಸುಬುಸು ಉಸಿರಾಡಿ ಸಿದ್ಧವಾಗುವ ಅಭ್ಯಾಸ ಈ ಅಪಾಯವನ್ನು ಹೆಚ್ಚಿಸುತ್ತದೆ.

ಮೂರು ಮೀಟರು ದೂರದಲ್ಲಿ ಫೋಮಿನ ಹಲಗೆಯನ್ನು ನಿಲ್ಲಿಸಿ ಹೊಡೆದಾಗ, ಗುರುತುಗಳೆಲ್ಲ ಒಂದೇ ಕಡೆ ಗುಂಪಾಗಿ ಎಡಕ್ಕೋ ಬಲಕ್ಕೋ ಬಿದ್ದಿದ್ದರೆ ತೋಡು ಓರೆಯಾಗಿದೆ, ಅಥವಾ ರಬ್ಬರಿನ ಎರಡು ಬದಿಗಳ ಉದ್ದ ಸಮನಾಗಿಲ್ಲ. ಗುಂಪಾಗಿ ಮೇಲೆ ಬಿದ್ದಿದ್ದರೆ ರಬ್ಬರು ಹೆಚ್ಚಾಗಿದೆ. ಗುಂಪೇ ಇಲ್ಲದೆ ಚದುರಿದ್ದರೆ ಮೊದಲು ಈಟಿಯನ್ನು ದಪ್ಪ ಗಾಜಿನ ಮೇಲೆ, ತುದಿಯ ಮುಳ್ಳು ಮತ್ತು ಹಲ್ಲುಗಳು ಗಾಜಿನ ಅಂಚಿನ ಹೊರಗಿರುವಂತೆ ಇಟ್ಟು ಉರುಳಿಸಿ ನೋಡಿ. ನಡುವೆ ಬೆಳಕಿಣುಕಿದರೆ ಈಟಿ ಬಾಗಿದೆ. ಹೆಚ್ಚು ಬಾಗಿದ ಈಟಿಯನ್ನು ಸುತ್ತಿಗೆಯಿಂದ ತಿದ್ದಲು ಹೋಗದೆ ಬದಲಿಸಬೇಕು.